ಹಳೆಯದನ್ನು ಮಾರುವ ಮುನ್ನ

ಊರು ಬಿಟ್ಟು ಬಂದು ಪರಭಾಷೆಯ ನಡುವೆ ಸಂಸಾರ ಹೂಡಿದ ನಮ್ಮಂಥವರಿಗೆ ಹೊಸದಕ್ಕೆ ಹೊಂದಿಕೊಳ್ಳುವುದು ಅಷ್ಟೇನೂ ಕಷ್ಟದ ವಿದ್ಯೆಯಲ್ಲ. ಧಾರವಾಡದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಡೊಂಬಿವಲಿಗೆ ಬಂದ ಮೇಲೆ ಪಾವ್ ಭಾಜಿಗೂ ಪಳಗಿತು. ‘ಹೆಂಗ್ರೀ ಕಿಲೋ?’ ಎನ್ನುತ್ತಿದ್ದ ಬಾಯಿ ತರಕಾರಿಯವನ ಮುಂದೆ ‘ಕಾಯ್ ಭಾವ್?’ ಎನ್ನಲು ಕಲಿಯಿತು. ಲೋಕಲ್ ಗಾಡಿಯಲ್ಲಿ ಒಂದೇ ಕಾಲಿನ ಮೇಲೆ ನಿಂತು ದಾದರ್ ಮುಟ್ಟುವುದೂ ರೂಢಿಯಾಯಿತು. ಆದರೆ ಹಳೆಯದನ್ನು ಏನು ಮಾಡುವುದೆಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ನಮ್ಮನ್ನು ಕಾಡುತ್ತದೆ. ಹಳೆಯ ಸೀರೆಗೆ ಸ್ಟೀಲು ಪಾತ್ರೆ ಕೊಡುವ ಬೋಹಾರಿಣ್ ಇದ್ದಾಳೆ. ಹಳೆಯ ಪೇಪರಿಗೆ ತಕ್ಕಡಿ ಹಿಡಿದು ಬರುವ ರದ್ದಿಯವನಿದ್ದಾನೆ. ಹಳೆಯ ಲ್ಯಾಪ್‌ಟಾಪಿಗೆ ಯಾರಿದ್ದಾರೆ? ಈಚೆಗೆ ನಮ್ಮ ಮನೆಯಲ್ಲಿ ಕೆಲವು ವಾರ ನಡೆದ ಚರ್ಚೆ ಇದೇ.

ನಮ್ಮ ಹಳೆಯ ಯಂತ್ರ 2016ರಲ್ಲಿ ಕೊಂಡದ್ದು. ವಿಂಡೋಸ್ 10 ಅದರೊಡನೆಯೇ ಬಂದಿತ್ತು. ಒಂಬತ್ತು ವರ್ಷ ದುಡಿದರೂ ಅದರ ಮೈಯಲ್ಲಿ ದೊಡ್ಡ ರೋಗವೇನೂ ಇರಲಿಲ್ಲ. ಬ್ಯಾಟರಿ ಮಾತ್ರ ಮುದಿಯಾಗಿ, ಸದಾ ವೈರು ಹಚ್ಚಿಕೊಂಡೇ ಇರಬೇಕಾಗಿತ್ತು. ಅಷ್ಟರಲ್ಲಿ 2025ರ ಅಕ್ಟೋಬರ್ 14 ಬಂತು. ಅಂದಿಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ಕೇಳಿಕೊಂಡವರಿಗೆ ಹೆಚ್ಚುವರಿ ರಕ್ಷಣೆಯ ಏರ್ಪಾಡು ಇತ್ತು, ಅದೂ ಶಾಶ್ವತವಲ್ಲ. ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಏರ್ಪಾಡು ಬೇಕು, ಪ್ರೊಸೆಸರು ಇಂಟೆಲ್ಲಿನದಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ನಮ್ಮದು ಆರನೆಯ ಪೀಳಿಗೆ. ನಡೆಯಲು ಕಾಲು ಗಟ್ಟಿಯಿದ್ದರೂ ನಿವೃತ್ತಿಯ ವಯಸ್ಸು ಬಂತೆಂದು ಮನೆಗೆ ಕಳಿಸಿದ ಗುಮಾಸ್ತನ ಸ್ಥಿತಿ ಅದರದಾಯಿತು. ಬ್ಯಾಂಕಿನ ವ್ಯವಹಾರವೂ ಅದರಲ್ಲೇ ನಡೆಯುತ್ತಿದ್ದುದರಿಂದ ಸುಮ್ಮನಿರುವಂತಿರಲಿಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಒಂದು ಮ್ಯಾಕ್‌ಬುಕ್ ಏರ್ ತಂದು ದೇವರ ಮುಂದಿಟ್ಟ. ಕುಂಕುಮ ಹಚ್ಚಿದ್ದಾಯಿತು.

ಹೊಸ ಯಂತ್ರ ಕಲಿಯುವುದೆಂದರೆ ಹೊಸ ಬಾಡಿಗೆಮನೆಗೆ ಹೋದ ಹಾಗೆ. ದೀಪದ ಗುಂಡಿ ಎಲ್ಲಿದೆಯೆಂದು ಮನಸ್ಸಿಗೆ ಗೊತ್ತು, ಕೈ ಮಾತ್ರ ಹಳೆಯ ಗೋಡೆಯನ್ನೇ ತಡವುತ್ತದೆ. ವಿಂಡೋಸಿನಲ್ಲಿ ಕಿಟಕಿ ಮುಚ್ಚುವ ಗುರುತು ಬಲಮೂಲೆಯಲ್ಲಿ. ಇಲ್ಲಿ ಎಡಮೂಲೆಯಲ್ಲೊಂದು ಕೆಂಪು ಚುಕ್ಕೆ. ಅದನ್ನು ಒತ್ತಿದರೂ ಕಿಟಕಿ ಮುಚ್ಚುತ್ತದೆಯೇ ಹೊರತು ಒಳಗಿನ ತಂತ್ರಾಂಶ ಬಹಳ ಸಲ ಎಚ್ಚರವಾಗಿಯೇ ಇರುತ್ತದೆ. ನಕಲು ಮಾಡಲು ಕಂಟ್ರೋಲ್ ಒತ್ತಿದರೆ ಏನೂ ಆಗದು. ಸ್ಪೇಸ್‌ಬಾರಿನ ಪಕ್ಕದ ಕಮಾಂಡ್ ಕೀಲಿ ಒತ್ತಬೇಕು. ಬಲಗುಂಡಿಯ ಕೆಲಸಕ್ಕೆ ಎರಡು ಬೆರಳು ಊರಬೇಕು. ಒಂದು ವಾರ ನಮ್ಮ ಬೆರಳುಗಳು ವಿಂಡೋಸಿನ ಮಾತನ್ನೇ ಆಡಿದವು, ಊರಿನಿಂದ ಹೊಸದಾಗಿ ಬಂದವರು ರಿಕ್ಷಾದವನ ಹತ್ತಿರ ಕನ್ನಡ ಮಾತಾಡಿದಂತೆ. ಎರಡನೆಯ ವಾರದಲ್ಲಿ ದ್ವಿಭಾಷಿಗಳಾದೆವು. ಮೂರನೆಯ ವಾರ ಹಳೆಯ ಲ್ಯಾಪ್‌ಟಾಪು ಕಪಾಟಿನ ಮೇಲೇರಿತು.

ಆಗ ಮಗ ಬೆಂಗಳೂರಿನಿಂದ ಫೋನು ಮಾಡಿ, “ಅಪ್ಪಾ, ಅದನ್ನ ಲಗೂನ ಮಾರಿಬಿಡ್ರಿ. ತಿಂಗಳು ಹೋದಂಗ ರೇಟು ಇಳೀತದ” ಎಂದ. ಮಾತು ಸರಿಯೇ. ಯಂತ್ರದ ವಯಸ್ಸು, ಬ್ಯಾಟರಿ, ಪರದೆಯ ಮೇಲಿನ ಗೆರೆ, ಹಿಂಜಿನ ಬಿಗಿ, ಮೂಲ ಬಿಲ್ಲು ಮತ್ತು ಚಾರ್ಜರು ಇದೆಯೋ ಇಲ್ಲವೋ, ಇವನ್ನೆಲ್ಲ ನೋಡಿ ಬೆಲೆ ಕಟ್ಟುತ್ತಾರೆ. ಈಗ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ: ವಿಂಡೋಸ್ 11 ಹತ್ತುತ್ತದೆಯೇ? ಇಲ್ಲವೆಂದ ಕೂಡಲೇ ಬೆಲೆ ಮೆಟ್ಟಿಲಿಳಿಯುತ್ತದೆ. ಮನೆಗೇ ಬಂದು ಒಯ್ಯುವವರು ಫೋನಿನಲ್ಲಿ 6,800 ರೂಪಾಯಿ ಹೇಳಿದ್ದರು. ನಾಲ್ಕು ಕಡೆ ವಿಚಾರಿಸುವುದು ನಮ್ಮ ಪದ್ಧತಿ. ಒಂದು ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನೆಂದರೆ ಆ ರಸ್ತೆಯೇ ಅಲ್ಲವೇ! ಅಂಗಡಿಯಾತ ಯಂತ್ರವನ್ನು ಮಗುಚಿ ನೋಡಿ 5,000 ಎಂದ. ಮತ್ತೆ ಕೀಲಿಮಣೆ ನೋಡಿ, “ಯೇ ಸ್ಟಿಕರ್ ನಿಕಾಲ್ನಾ ಪಡೇಗಾ” ಎಂದು ಇನ್ನೂ ಐನೂರು ಇಳಿಸಿದ. ಆ ಸ್ಟಿಕ್ಕರುಗಳು ಬೇರೇನೂ ಅಲ್ಲ: ಕೀಲಿಗಳ ಮೇಲೆ ನಾವು ಅಂಟಿಸಿದ್ದ ಕನ್ನಡ ಅಕ್ಷರಗಳು. ‘ವಿಚಾರ ಮಾಡಿ ಹೇಳುತ್ತೇವೆ’ ಎಂದು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಮರಳಿದೆವು.

ಮನೆಯಲ್ಲಿ ಅವ್ವ ಕೇಳಿದರು: “ಅದನ್ನ ಮಾರತೀರಿ ಖರೆ, ಒಳಗಿನ ನನ್ನ ಹಾಡು? ಅವೂ ಅದರ ಸಂಗತೀನ ಹೋಗತಾವೇನು?”

ಅವ್ವನಿಗೆ ಈಗ 84 ವರ್ಷ. ಹದಿನೈದು ವರ್ಷಗಳ ಹಿಂದೆ, ಸಂಜೆಯ ಹೊತ್ತು ಅವರು ಒಂದೊಂದಾಗಿ ಹೇಳಿದ ಗೌರಿಯ ಹಾಡು, ಬೀಸುವಾಗಿನ ಹಾಡು, ತೊಟ್ಟಿಲ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಒಟ್ಟು 41, ಆಗಿನ ಕಂಪ್ಯೂಟರಿನಲ್ಲಿ ಟೈಪಾಗಿದ್ದವು. ಮನೆಯ ಹಲವರು ಕೈ ಹಚ್ಚಿದ್ದರು. ಕೆಲವು ‘ನುಡಿ’ಯಲ್ಲಿ, ಕೆಲವು ‘ಬರಹ’ದಲ್ಲಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುತ್ತ ಅವು ಈ ಲ್ಯಾಪ್‌ಟಾಪಿಗೆ ಬಂದಿದ್ದವು. ಅವುಗಳ ಪಕ್ಕದಲ್ಲೇ ನಮ್ಮ ಸಂಘದ ಹಲವು ವರ್ಷಗಳ ನಡಾವಳಿ, ಎರಡು ಸ್ಮರಣ ಸಂಚಿಕೆಗಳ ಲೇಖನಗಳು, ಮಕ್ಕಳ ನಾಟಕವೊಂದರ ಪ್ರತಿ ಇದ್ದವು. “ಹೋಗೂದಿಲ್ಲ ಅವ್ವಾ, ಎಲ್ಲಾ ಪೆನ್‌ಡ್ರೈವಿನ್ಯಾಗ ಅದಾವ” ಎಂದು ಮ್ಯಾಕಿನಲ್ಲಿ ತೆಗೆದು ತೋರಿಸಹೋದರೆ ಪರದೆಯ ಮೇಲೆ ಕನ್ನಡವೇ ಇಲ್ಲ! ‘ಕನ್ನಡ’ ಎಂಬ ಮೂರಕ್ಷರ ಇರಬೇಕಾದಲ್ಲಿ ಇಂಗ್ಲಿಷಿನ ಒಂದು ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ಒಂದು ‘ಎ’, ಅದರ ಪಕ್ಕದಲ್ಲಿ ಬ್ರಿಟಿಷರ ಪೌಂಡಿನ ಗುರುತು! ‘ಬರಹ’ದ ಫೈಲುಗಳಂತೂ ತೆರೆಯಲೇ ಇಲ್ಲ.

ಇದು ಮ್ಯಾಕಿನ ದೋಷವೂ ಅಲ್ಲ, ‘ನುಡಿ’, ‘ಬರಹ’ಗಳ ದೋಷವೂ ಅಲ್ಲ, ಕಾಲದ ಕಥೆ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಹಿಂದಿನ ಫಾಂಟುಗಳಲ್ಲಿ ಇದ್ದದ್ದು 256 ಮನೆಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಹೆಸರಿನಲ್ಲಿ. ನಮ್ಮವರು ಜಾಣತನದಿಂದ ಆ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಕೂಡಿಸಿ ಕೆಲಸ ಸಾಗಿಸಿದರು. ಬಾಗಿಲ ಮೇಲೆ ಮಾಲೀಕನ ಹೆಸರಿನ ಫಲಕ, ಒಳಗೆ ಬಾಡಿಗೆಯ ನಾವು. ಆ ಬಗೆಯ ಸಂಸಾರ. ಆ ಸಂಸಾರವೇ ನಮಗೆ ಕನ್ನಡವನ್ನು ಕಂಪ್ಯೂಟರಿನಲ್ಲಿ ಕೊಟ್ಟಿತೆಂಬುದನ್ನು ಮರೆಯಬಾರದು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಹೊರನಾಡಿನ ಸಂಘಗಳಿಗೆ ಆದ ಉಪಕಾರ ಸಣ್ಣದಲ್ಲ. ‘ನುಡಿ’ಯ ಕೀಲಿಮಣೆಯ ಹಿಂದಿರುವುದು ಕೆ. ಪಿ. ರಾವ್ ಅವರ ಜೋಡಣೆ. ಕ ಬೇಕಾದರೆ ‘ಕೆ’ ಒತ್ತುವಷ್ಟು ಸುಲಭ.

ಯೂನಿಕೋಡ್ ಬಂದು ಈ ಬಾಡಿಗೆ ತಪ್ಪಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳು ಸಿಕ್ಕವು. ವಿಂಡೋಸಿನಲ್ಲಿ ಕನ್ನಡ ಆ ರೀತಿ ನೆಲೆಯೂರಿದ್ದು 2001ರ ಎಕ್ಸ್‌ಪಿಯಿಂದ. ಯೂನಿಕೋಡಿನಲ್ಲಿರುವ ಕನ್ನಡ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ಮೊಬೈಲಿನಲ್ಲೂ ಕನ್ನಡವೇ. ಆದರೆ ಪುಟ ಕಟ್ಟುವ ಆಗಿನ ತಂತ್ರಾಂಶಗಳು ಹಳೆಯ ಫಾಂಟುಗಳನ್ನೇ ಬಲ್ಲವಾಗಿದ್ದುದರಿಂದ ಮುದ್ರಣದವರು, ಅವರ ಬೆನ್ನಿಗೆ ನಾವು, ಹಳೆಯ ದಾರಿಯಲ್ಲೇ ಬಹುಕಾಲ ನಡೆದೆವು. ಹಳೆಯ ಫಾಂಟನ್ನೇ ಮ್ಯಾಕಿಗೂ ತುಂಬಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ ನಿಜ. ಆದರೆ ‘ಗೌರಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಗೌರಿ ಸಿಗಳು. ಮೊಮ್ಮಗಳ ಮೊಬೈಲಿಗೆ ಹಾಗೇ ಕಳಿಸಿದರೆ ಅಲ್ಲಿ ಮತ್ತೆ ಪೌಂಡಿನ ಗುರುತು. ಬೇಷರತ್ತಾದ ದಾರಿಯೆಂದರೆ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸುವುದು. ಬದಲಾಯಿಸುವ ಸೌಲಭ್ಯ ‘ನುಡಿ’, ‘ಬರಹ’ಗಳಲ್ಲೇ ಇದೆ. ನಮ್ಮಲ್ಲಿದ್ದ ಆ ಎರಡೂ ಓಡುವುದು ವಿಂಡೋಸಿನಲ್ಲಿ. ಮ್ಯಾಕಿನಲ್ಲೇ ವಿಂಡೋಸ್ ಹಾಕಬಾರದೇ ಎಂದು ಮಗನನ್ನು ಕೇಳಿದೆವು. ಇಂಟೆಲ್ ಚಿಪ್ಪಿನ ಮ್ಯಾಕುಗಳಲ್ಲಿ ಬೂಟ್ ಕ್ಯಾಂಪ್ ಎಂಬ ಏರ್ಪಾಡು ಇತ್ತಂತೆ. 2020ರಲ್ಲಿ ಆರಂಭವಾದ ಆಪಲ್‌ನ ಸ್ವಂತ ಚಿಪ್ಪಿನ ಮ್ಯಾಕುಗಳಲ್ಲಿ ಅದಿಲ್ಲ, ಬೇರೆ ತಂತ್ರಾಂಶ ಕೊಂಡು ಸುತ್ತುಬಳಸಬೇಕು. ಅಂದಮೇಲೆ ಈ ಕೆಲಸಕ್ಕೆ ಮನೆಯಲ್ಲಿದ್ದ ಒಂದೇ ಯಂತ್ರ, 4,500 ರೂಪಾಯಿಗೆ ಇಳಿದ ನಮ್ಮ ಮುದಿ ಲ್ಯಾಪ್‌ಟಾಪು. ಕಪಾಟಿನಿಂದ ಅದನ್ನು ಕೆಳಗಿಳಿಸಿದೆವು.

ನಾಲ್ಕು ಭಾನುವಾರ ಹಿಡಿಯಿತು. ಬಹುಪಾಲು ಫೈಲುಗಳು ಗುಂಡಿ ಒತ್ತಿದೊಡನೆ ಬದಲಾದವು. ಎರಡು ಬಗೆಯ ಫಾಂಟು ಬೆರೆತಿದ್ದ ಕಡೆ ಅರ್ಕಾವೊತ್ತು ತನ್ನ ಜಾಗ ಬಿಟ್ಟು ಹಾರಿತ್ತು, ಪಾರ್ವತಿ ‘ಪಾವರ್ತಿ’ಯಾಗಿದ್ದಳು. ಆದ್ದರಿಂದ ಪ್ರತಿಯೊಂದು ಹಾಡನ್ನೂ ಅವ್ವನ ಮುಂದೆ ಗಟ್ಟಿಯಾಗಿ ಓದಿ ತಿದ್ದುವುದೆಂದಾಯಿತು. “ಪಾರ್ವತಿನ್ನ ಹಿಂಗ್ಯಾಕ ಕೆಡಿಸೀರಿ?” ಎಂದು ನಗುತ್ತ ಅವರು ಅಕ್ಷರದ ಜೊತೆಗೆ ಧಾಟಿಯನ್ನೂ ತಿದ್ದಿದರು. ಮೂರನೆಯ ಭಾನುವಾರ ಒಂದು ತೊಟ್ಟಿಲ ಹಾಡು ಬಂತು. ಓದಿದೆವು. ಅವ್ವ ಎಂದಿನಂತೆ ಮುಂದಿನ ಸಾಲು ಎತ್ತಿಕೊಡಲಿಲ್ಲ. ಇನ್ನೊಮ್ಮೆ ಓದಿದೆವು. “ಇದು ನಾ ಹೇಳಿದ್ದೇನು?” ಎಂದರು. ಹೌದೆಂದೆವು. “ಛಲೋ ಐತಿ” ಎಂದು ಸುಮ್ಮನಾದರು. ಆಮೇಲೆ ಇನ್ನೊಂದು ಹಾಡಿಗೂ ಹಾಗೆಯೇ ಆಯಿತು. ಅವರ ತಾಯಿಯಿಂದ ಅವರ ಬಾಯಿಗೆ ಬಂದಿದ್ದ ಆ ಎರಡು ಹಾಡುಗಳು ಆ ಹೊತ್ತಿಗೆ ಭೂಮಿಯ ಮೇಲೆ ಬೇರೆಲ್ಲಿ ಉಳಿದಿದ್ದವೋ ದೇವರೇ ಬಲ್ಲ. ನಮಗೆ ಗೊತ್ತಿದ್ದಂತೆ ಇದ್ದದ್ದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬಂದ ಆ ಡಬ್ಬಿಯೊಳಗೆ. ಆ ದಿನ ಊಟದ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಬೆಲೆಯ ಮಾತೆತ್ತಲಿಲ್ಲ.

ಈಗ 41 ಹಾಡುಗಳೂ ಯೂನಿಕೋಡಿನಲ್ಲಿವೆ. ಮ್ಯಾಕಿನಲ್ಲೊಂದು ಪ್ರತಿ, ಮಗನ ಬಳಿಯೊಂದು, ಹೊರಗಿನ ಡಿಸ್ಕಿನಲ್ಲೊಂದು, ಕಾಗದದ ಮೇಲೆ ಅಚ್ಚು ಹಾಕಿಸಿ ಹೊಲಿಸಿದ್ದೊಂದು. ಡಿಸ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ: ವಿಂಡೋಸಿನ ಎನ್.ಟಿ.ಎಫ್.ಎಸ್. ಪದ್ಧತಿಯ ಡಿಸ್ಕನ್ನು ಮ್ಯಾಕ್ ಓದುತ್ತದೆ, ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಪದ್ಧತಿಗೆ ತಂದರೆ ಎರಡಕ್ಕೂ ಒಪ್ಪಿಗೆ. ಆದರೆ ಹಾಗೆ ತರುವಾಗ ಡಿಸ್ಕು ಖಾಲಿಯಾಗುತ್ತದೆ, ಒಳಗಿನದನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಬೇಕು. ಇನ್ನು ಯಂತ್ರವನ್ನು ಯಾರಿಗೆ ಕೊಡುವುದಾದರೂ ಫೈಲುಗಳನ್ನು ಅಳಿಸಿದರೆ ಸಾಲದು. ಅಳಿಸಿದಾಗ ಹೋಗುವುದು ಫೈಲಿನ ವಿಳಾಸ. ಮೈ ಅಲ್ಲೇ ಉಳಿದು, ಬಲ್ಲವರ ಕೈಗೆ ಸಿಗಬಹುದು. ವಿಂಡೋಸಿನಲ್ಲಿ ಎಲ್ಲವನ್ನೂ ತೆಗೆದು, ಡಿಸ್ಕನ್ನೂ ತೊಳೆದು, ಹೊಸದರಂತೆ ಮಾಡುವ ಏರ್ಪಾಡಿದೆ. ಹೊತ್ತು ಹಿಡಿದರೂ ಅದನ್ನೇ ಮಾಡಬೇಕು.

ಹಾಗಾದರೆ ಮಾರಿದಿರಾ ಎಂದು ನೀವು ಕೇಳುವಿರಿ. ಮಾರಲಿಲ್ಲ. 4,500 ರೂಪಾಯಿ ಬೇಡವಾಗುವಷ್ಟು ಸಿರಿವಂತರು ನಾವಲ್ಲ, ಮನೆಯಲ್ಲಿ ಈ ಕುರಿತು ಎರಡು ಅಭಿಪ್ರಾಯಗಳೂ ಇದ್ದವು. ಕೊನೆಗೆ ಸಂಘದ ಭಾನುವಾರದ ಕನ್ನಡ ತರಗತಿ ನೆನಪಾಯಿತು. ಮಗ ಮುಂದಿನ ಸಲ ಬಂದಾಗ ಅದರಲ್ಲಿ ಲಿನಕ್ಸ್ ಹಾಕಿದ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಮುದಿ ಯಂತ್ರವನ್ನೂ ಅದು ಹಗುರವಾಗಿ ನಡೆಸುತ್ತದೆ. ಅದರ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರು ಕಂಡಾಗ ನಮಗೆ ಊರಿನವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಅದು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳ ಕೂಟ. ನಮ್ಮ ಸ್ಟಿಕ್ಕರುಗಳ ಮೇಲಿದ್ದದ್ದೂ ಅದೇ ಜೋಡಣೆಯಾದ್ದರಿಂದ ಐನೂರು ರೂಪಾಯಿ ಕಳೆದ ಆ ಅಕ್ಷರಗಳನ್ನು ಕೀಳಬೇಕಾಗಲಿಲ್ಲ. ಮನೆಯಲ್ಲಿ ಮರಾಠಿ, ಹಿಂದಿ ಬೆರೆಸಿ ಮಾತಾಡುವ ಐದಾರು ಮಕ್ಕಳು ಈಗ ಅದರ ಮುಂದೆ ಸರದಿಯ ಮೇಲೆ ಕುಳಿತು ತಮ್ಮ ಹೆಸರು ಒತ್ತುತ್ತಾರೆ. ವೈರು ಕಿತ್ತರೆ ಯಂತ್ರ ನಿಂತುಹೋಗುತ್ತದೆ, ಆಗ ಗಲಾಟೆಯೋ ಗಲಾಟೆ.

ಸದಸ್ಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದು, ಎಲ್ಲಿಯೇ ಆಗಲಿ, ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವರ ಮನೆಯಲ್ಲಿ ಇಂಥ ಒಂದು ಯಂತ್ರ ಇದ್ದೀತು. ಅದರೊಳಗೆ ಸಂಘದ ಇತಿಹಾಸವೋ, ತೀರಿಹೋದ ಹಿರಿಯರ ಬರಹವೋ ಇದ್ದೀತು. ಮಕ್ಕಳು ‘ಹಳೆಯದನ್ನು ತೆಗೆಯಿರಿ’ ಎಂದಾಗ ತೆಗೆಯಿರಿ, ಮಾರಿರಿ, ಅದರಲ್ಲಿ ತಪ್ಪಿಲ್ಲ. ಮಾರುವ ಮುನ್ನ ಒಳಗಿನ ಕನ್ನಡ ಸ್ವಂತ ಮನೆಯಲ್ಲಿದೆಯೋ ಬಾಡಿಗೆಮನೆಯಲ್ಲಿದೆಯೋ ನೋಡಿಕೊಳ್ಳಿರಿ. ಸಹಾಯ ಬೇಕಾದವರು ಭಾನುವಾರ ತರಗತಿಯ ಹೊತ್ತಿಗೆ ಸಂಘಕ್ಕೆ ಬಂದರೆ ನಾವಲ್ಲಿರುತ್ತೇವೆ.

ಈ ಲೇಖನವನ್ನು ಮ್ಯಾಕಿನಲ್ಲಿ, ಯೂನಿಕೋಡಿನಲ್ಲೇ ಟೈಪಿಸಿ ಸಂಪಾದಕರಿಗೆ ಕಳಿಸಿದ್ದೇವೆ. ಮುದ್ರಣಾಲಯದವರು ತಮ್ಮ ಅನುಕೂಲಕ್ಕೆ ಇದನ್ನು ಮತ್ತೆ ಹಳೆಯ ಫಾಂಟಿಗೆ ಬದಲಾಯಿಸಿಕೊಳ್ಳುತ್ತಾರೆಂದು ಅವರು ತಿಳಿಸಿದ್ದಾರೆ. ಎಲ್ಲಾದರೂ ಅರ್ಕಾವೊತ್ತು ಹಾರಿದ್ದರೆ ಓದುಗರು ದಯವಿಟ್ಟು ಸರಿಪಡಿಸಿಕೊಂಡು ಓದಬೇಕು.