ಪಟಿಕದ ಹಸಿರು ಬೆಳಕು

ಡೊಂಬಿವಲಿ ಎಂದರೆ ಮುಂಬೈಯವರಿಗೆ ನೆನಪಾಗುವುದು ಎರಡೇ: ಬೆಳಗಿನ ಲೋಕಲ್ಲಿನ ನೂಕುನುಗ್ಗಲು, ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ವಾಸನೆ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿಯಾಯಿತು. ಇಂಥ ಊರಲ್ಲಿದ್ದು ರಸಾಯನಶಾಸ್ತ್ರ ಇಷ್ಟ ಎಂದರೆ ಜನ ಹುಬ್ಬೇರಿಸುತ್ತಾರೆ. ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಹುಡುಗರು ಪ್ರಾಕ್ಟಿಕಲ್ ಮುಗಿಸಿ ಹೋದಮೇಲೆ ಲ್ಯಾಬಿನಲ್ಲಿ ಕೂತು ಬೆಳಗುವ ಪುಡಿ ಮಾಡುವುದು ಚಟ.

ಬೇಕಾದದ್ದು ಹೆಚ್ಚೇನಿಲ್ಲ. ಕಿರಾಣಿ ಅಂಗಡಿಯಲ್ಲಿ ತುರಟಿ ಎಂದು ಕೇಳಿದರೆ ಕೊಡುವ ಪಟಿಕ, ಲ್ಯಾಬಿನ ಕಪಾಟಿನಲ್ಲಿರುವ 8-ಹೈಡ್ರಾಕ್ಸಿಕ್ವಿನೋಲಿನ್. ನಮ್ಮ ಬಾಯಲ್ಲಿ ಅದು ಆಕ್ಸಿನ್. ಅದನ್ನು ಅಸೆಟಿಕ್ ಆಮ್ಲದಲ್ಲಿ ಕರಗಿಸಿ ಬಿಸಿ ಪಟಿಕದ ನೀರಿಗೆ ಬೆರೆಸಿದರೆ ಮೊದಲಿಗೆ ಏನೂ ಆಗುವುದಿಲ್ಲ. ಆಮ್ಲ ಜೋರಾಗಿರುವಷ್ಟು ಹೊತ್ತು ದ್ರಾವಣ ತಿಳಿಯಾಗಿಯೇ ಇರುತ್ತದೆ. ಅಮೋನಿಯಂ ಅಸಿಟೇಟನ್ನು ಹನಿಹನಿಯಾಗಿ ಬಿಡುತ್ತ ಕಲಕುತ್ತಿರಬೇಕು. ಆಮ್ಲದ ಜೋರು ತಗ್ಗಿದಂತೆ ಬೀಕರಿನಲ್ಲಿ ಮಬ್ಬು ಕಟ್ಟಿ, ಮಬ್ಬು ಹಳದಿಯಾಗಿ, ಹಳದಿ ಹರಳಾಗಿ ತಳಕ್ಕೆ ಕೂರುತ್ತದೆ. ಅವಸರ ಮಾಡಿದರೆ ಕಣಗಳು ತೀರ ನುಣ್ಣಗಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಂಗೆ ಸುಮಾರು 17 ಗ್ರಾಂ ಪುಡಿ! ತೂಕ ಹೀಗೆ ಹಿಗ್ಗುವುದರಿಂದಲೇ ಅಲ್ಯೂಮಿನಿಯಂ ಎಷ್ಟಿದೆ ಎಂದು ತೂಗಿ ಹೇಳಲು ಹಿಂದಿನವರು ಆಕ್ಸಿನ್ ಹಿಡಿದದ್ದು.

ತೂಗುವವನಿಗೆ ಅಲ್ಲಿಗೆ ಕೆಲಸ ಮುಗಿಯಿತು. ನನಗೆ ಶುರುವಾಗುವುದು ಆಮೇಲೆ. ದೀಪ ಆರಿಸಿ ನೇರಳಾತೀತ ಟಾರ್ಚ್ ಬಿಟ್ಟರೆ ಸೋಸುಕಾಗದದ ಮೇಲಿನ ಪೇಲವ ಹಳದಿ ಎಳೆಹಸಿರಾಗಿ ಉರಿಯುತ್ತದೆ, ಪುಡಿ ಹಿಡಿದುಕೊಂಡ ಸ್ಪಾಚುಲದ ಗೀರು ಕೂಡ ಕಾಣುವಷ್ಟು.

ಪಟಿಕಕ್ಕೆ ಈ ಗುಣವಿಲ್ಲ. ಒಂಟಿ ಆಕ್ಸಿನ್ ಬೆಳಗುವುದೂ ಅಷ್ಟಕ್ಕಷ್ಟೇ: ಅದರ ಆಮ್ಲಜನಕದ ಮೇಲಿನ ಹೈಡ್ರೋಜನ್, ಬೆಳಕು ಬಿದ್ದೊಡನೆ ಪಕ್ಕದ ಸಾರಜನಕಕ್ಕೆ ಜಿಗಿದು, ಸಿಕ್ಕ ಶಕ್ತಿಯನ್ನು ಬಿಸಿಯಾಗಿ ಪೋಲು ಮಾಡುತ್ತದೆ. ಅಲ್ಯೂಮಿನಿಯಂ ಬಂದು ಆ ಹೈಡ್ರೋಜನ್ನಿನ ಜಾಗ ಹಿಡಿದರೆ ಜಿಗಿದಾಟಕ್ಕೆ ಅವಕಾಶವಿಲ್ಲ. ಮೂರು ಆಕ್ಸಿನ್‌ಗಳು ತಲಾ ಒಂದು ಆಮ್ಲಜನಕ, ಒಂದು ಸಾರಜನಕದಿಂದ ಲೋಹವನ್ನು ಆರು ಕಡೆಯಿಂದ ಕಚ್ಚಿ ಹಿಡಿದು ಬಿಗಿಯಾಗುತ್ತವೆ. ಆಗ ಹೀರಿದ ಶಕ್ತಿ ಬೆಳಕಾಗಿಯೇ ಹೊರಬೀಳುತ್ತದೆ. ಹೀಗೆ ಹಿಡಿಯುವುದರಲ್ಲೂ ಎರಡು ಬಗೆ. ಮೂರೂ ಸಾರಜನಕ ಒಂದೇ ಮಗ್ಗುಲಿಗೆ ಬಂದರೆ ಅದೇ ಪುಡಿ ನೀಲಿಯತ್ತ ವಾಲುತ್ತದೆ. ಅದಕ್ಕೆ ಸುಮಾರು 400 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಾಯಿಸಬೇಕು. ಕಾಲೇಜಿನ ಓವನ್ನಿಗೆ ಆಗುವ ಮಾತಲ್ಲ ಬಿಡಿ.

ಎಲ್ಲ ಲೋಹಕ್ಕೂ ಈ ಭಾಗ್ಯವಿಲ್ಲ. ಸತು, ಮೆಗ್ನೀಸಿಯಂ ಬೆಳಗುತ್ತವೆ. ಅಡಿಕೆಗೆ ಹೊಡೆಯುವ ಮೈಲುತುತ್ತದಿಂದಲೂ ಹಸಿರುಹಳದಿ ಪುಡಿಯೇನೋ ಬೀಳುತ್ತದೆ, ಟಾರ್ಚ್ ಬಿಟ್ಟರೆ ಮಾತ್ರ ಮಂಕು. ತಾಮ್ರದ ಜೋಡಿಯಾಗದ ಎಲೆಕ್ಟ್ರಾನ್ ಬೆಳಕನ್ನು ನುಂಗಿಬಿಡುತ್ತದೆ.

1987ರಲ್ಲಿ ಕೊಡ್ಯಾಕ್ ಕಂಪನಿಯ ಟಾಂಗ್ ಮತ್ತು ವ್ಯಾನ್‌ಸ್ಲೈಕ್ ಇದೇ ಹಳದಿ ಪುಡಿಯನ್ನು ಅತಿ ತೆಳು ಪದರವಾಗಿ ಹಚ್ಚಿ, 10 ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹಸಿರಾಗಿ ಬೆಳಗಿಸಿದರು. ಇವತ್ತಿನ ಓಎಲ್ಇಡಿ ಪರದೆಗಳ ಮೂಲ ಅದು. ಈಗಿನ ಫೋನುಗಳ ಹಸಿರಿಗೆ ದುಬಾರಿ ಇರಿಡಿಯಂ ಬಂದಿದೆ. ಬರಲಿ, ನನಗೆ ಪಟಿಕವೇ ಸಾಕು.

ಕಲ್ಯಾಣದಲ್ಲಿ ನಾನು ಕಾಫಿಗೆ ಹೋಗುವ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಖೋಟಾನೋಟು ನೋಡುವ ನೇರಳೆ ದೀಪವಿದೆ. ನನ್ನ ಪುಡಿ ತುಂಬಿ ಬಿರಡೆ ಬಿಗಿದ ಸೀಸೆಯನ್ನು ಅದರಡಿ ಹಿಡಿದಾಗ ಹೋಟೆಲಿನ ಭಟ್ಟರು, "ಎಂತ ಮಾಸ್ಟ್ರೇ ಇದು, ಯಾವ ದೇಶದ ನೋಟು?" ಎಂದರು. ತಮಾಷೆಯೇ ಆದರೂ ಪ್ರಶ್ನೆ ಸರಿಯಾಗಿತ್ತು. ಯೂರೋ ನೋಟಿನ ಕೆಂಪು ಹೊಳಪಿನ ಹಿಂದೆ ಯುರೋಪಿಯಂನ ಸಂಯುಕ್ತವಿದೆ ಎಂದು ಡಚ್ ವಿಜ್ಞಾನಿಗಳು ಅದರ ವರ್ಣಪಟಲ ನೋಡಿ ಊಹಿಸಿದ್ದಾರೆ.

ಮಾಡಿನೋಡುವ ಮನಸ್ಸಾದರೆ ಲ್ಯಾಬಿನಲ್ಲೇ ಮಾಡಿ, ಕನ್ನಡಕ ಹಾಕಿ, ದೀಪವನ್ನು ನೇರವಾಗಿ ನೋಡಬೇಡಿ. ಸೋಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಆಕ್ಸಿನ್ ಮೀನಿಗೆ ವಿಷ. ಕ್ಯಾನಿಗೆ ತುಂಬಿ, ಒಳಗೇನಿದೆ ಎಂದು ಚೀಟಿ ಅಂಟಿಸಿ, ರಾಸಾಯನಿಕ ತ್ಯಾಜ್ಯ ಒಯ್ಯುವವರ ಕೈಗೇ ಕೊಡಿ.