ಡಾಕ್ಟರ್ ಕೇಳಿದ ಆ ಒಂದು ಪ್ರಶ್ನೆ

ಗಬ್ಬೂರಿನಲ್ಲಿರುವ ನನ್ನ ಖಾಲಾರಿಗೆ ಆಡುಗಳೆಂದರೆ ಮಕ್ಕಳಿದ್ದಂತೆ. ಖಾಲೂ ತೀರಿಕೊಂಡ ಮೇಲೆ ಏಳೆಂಟು ಆಡು ಸಾಕಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ಬಕ್ರೀದ್ ಹತ್ತಿರ ಬಂದರೆ ಹುಬ್ಬಳ್ಳಿಯ ಜನ ಹೋತ ಕೇಳಿಕೊಂಡು ಅವರ ಮನೆ ಬಾಗಿಲಿಗೇ ಬರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಖಾಲಾರಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿದ್ದರು. ಅಸರ್ ನಮಾಝ್ ಮುಗಿಯುತ್ತಲೇ ಮೈ ಬಿಸಿ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟದಲ್ಲಿ ತಡೆಯಲಾರದ ನೋವು. ಮಲೇರಿಯಾ ಪರೀಕ್ಷೆಯಾಯಿತು, ಟೈಫಾಯ್ಡ್‌ಗೆಂದು ವಿಡಾಲ್ ಪರೀಕ್ಷೆಯಾಯಿತು. ಮಾತ್ರೆ ನುಂಗಿದರೆ ವಾರ ಆರಾಮ, ಮತ್ತೆ ಅದೇ ಜ್ವರ. ಹೀಗೇ ಮೂರು ತಿಂಗಳು ಕಳೆಯಿತು. ‘ರಾತ್ರಿ ಅಡುಗೆ ಹೊತ್ತಿಗೇ ಇವರಿಗೆ ಜ್ವರ ಬರುತ್ತದೆ’ ಎಂದು ಮನೆಯಲ್ಲಿ ಆಡಿಕೊಂಡರು. ಹಾಗೆ ಅಂದುಕೊಂಡವರಲ್ಲಿ ನಾನೂ ಒಬ್ಬಳು.

ಆಸ್ಪತ್ರೆಗೆ ಪ್ರತಿ ಸಲ ಜೊತೆಗೆ ಹೋಗುತ್ತಿದ್ದವಳು ನಾನೇ. ಮದರಸಾದಲ್ಲೂ ಓದಿದವಳು, ಬಿ.ಎ. ಕೂಡ ಮಾಡಿದವಳು, ಟೀಚರ್ ಬೇರೆ! ಡಾಕ್ಟರ್ ಏನು ಕೇಳಿದರೂ ಖಾಲಾರ ಬದಲಿಗೆ ನಾನೇ ಉತ್ತರಿಸುತ್ತಿದ್ದೆ. ಆಡುಗಳ ಮಾತು ಎತ್ತಲು ನನಗೆ ಸಂಕೋಚ.

ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರ್ ನನ್ನನ್ನು ಸುಮ್ಮನಿರಿಸಿ ನೇರವಾಗಿ ಖಾಲಾರನ್ನೇ ಕೇಳಿದರು: “ಮನ್ಯಾಗ ಆಡು, ಕುರಿ ಅದಾವೇನ್ರಿ ಅಮ್ಮಾ?”

“ಅದಾವ್ರಿ. ಮಳೆಗಾಲದಾಗ ಎರಡು ಕಂದ ಹಾಕಿದ್ವು. ನಾನ ಕೈ ಹಾಕಿ ತಗದೀನ್ರಿ.”

ಅಷ್ಟು ದಿನ ಯಾವ ಚೀಟಿಯಲ್ಲೂ ಇಲ್ಲದ ಮಾತು ಅದು. ಡಾಕ್ಟರ್ ಕೂಡಲೇ ರಕ್ತ ಪರೀಕ್ಷೆಗೆ ಬರೆದರು. ಬಂದ ಉತ್ತರ: ಬ್ರುಸೆಲ್ಲೋಸಿಸ್. ದನಕರುಗಳಲ್ಲಿ ಇದನ್ನೇ ಕಂದು ರೋಗ ಎನ್ನುತ್ತಾರೆ.

ಈ ರೋಗದ ಬ್ಯಾಕ್ಟೀರಿಯಾವನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಕಂಡುಹಿಡಿದರು. ಆದರೆ ಅದು ಎಲ್ಲಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ಝಮಿತ್ ಎಂಬ ಮಾಲ್ಟಾದ ವೈದ್ಯರು ಆಡುಗಳ ರಕ್ತ ಪರೀಕ್ಷಿಸಿದರು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ರೋಗವಿತ್ತು! ಸೈನಿಕರಿಗೆ ಆಡಿನ ಹಸಿ ಹಾಲು ನಿಲ್ಲಿಸಿದೊಡನೆ ಜ್ವರವೂ ಇಳಿಯಿತು.

ಇದು ದೂರದ ದೇಶದ ಕಥೆಯೆಂದು ತಿಳಿಯಬೇಡಿ. ನಮ್ಮ ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿದ್ದ ಸೂಕ್ಷ್ಮಜೀವಿ ತಜ್ಞ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು 2004ರಲ್ಲಿ ಇಂಥ 93 ಮಕ್ಕಳ ವಿವರ ಪ್ರಕಟಿಸಿದರು. 2006ರಲ್ಲಿ 16 ವರ್ಷಗಳಲ್ಲಿ ಕಂಡ 495 ದೊಡ್ಡವರ ವಿವರ ಬಂತು. ಹುಡುಕಿದ್ದರಿಂದ ಸಿಕ್ಕಿತು. ಹುಡುಕದ ಕಡೆ ಅದು ‘ಏನೋ ಜ್ವರ’ ಆಗಿಯೇ ಉಳಿಯುತ್ತದೆ.

ಪರೀಕ್ಷೆ ಕಷ್ಟದ್ದೇನಲ್ಲ. ರಕ್ತದ ಮೇಲಿನ ತಿಳಿಯ ಒಂದು ಹನಿಗೆ, ಸತ್ತ ಬ್ರುಸೆಲ್ಲಾ ಕಣಗಳಿರುವ ಗುಲಾಬಿ ಬಣ್ಣದ ದ್ರವದ ಒಂದು ಹನಿ ಸೇರಿಸಿ ಸುಮಾರು ನಾಲ್ಕು ನಿಮಿಷ ಅಲುಗಾಡಿಸುತ್ತಾರೆ. ಈ ರೋಗದ ವಿರುದ್ಧ ಹೋರಾಡುವ ಅಂಶ ರಕ್ತದಲ್ಲಿದ್ದರೆ, ಒಡೆದ ಹಾಲಿನಂತೆ ಕಾಳುಕಾಳಾಗುತ್ತದೆ. ಆಮೇಲೆ ರಕ್ತದ ತಿಳಿಯನ್ನು ಹಂತಹಂತವಾಗಿ ತೆಳುಮಾಡಿ ಕೊಳವೆಗಳಲ್ಲಿ ಇನ್ನೊಮ್ಮೆ ನೋಡುತ್ತಾರೆ. ಗಟ್ಟಿ ಪುರಾವೆ ಬೇಕೆಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಜೀವಾಣುವನ್ನೇ ಬೆಳೆಸಬೇಕು. ಇದು ನಿಧಾನವಾಗಿ ಬೆಳೆಯುವಂಥದ್ದು, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ‘ಬ್ರುಸೆಲ್ಲಾ ಇರಬಹುದು’ ಎಂದು ಮೊದಲೇ ತಿಳಿಸದಿದ್ದರೆ ಬಾಟಲಿಯನ್ನು ಬೇಗನೇ ಎಸೆದುಬಿಡುವ ಸಂಭವವಿದೆ. ಅಷ್ಟೇ ಅಲ್ಲ, ಲ್ಯಾಬಿನವರಿಗೇ ಗಾಳಿಯ ಮೂಲಕ ಅಂಟಬಹುದಾದ ಜೀವಾಣು ಇದು. ಆಡಿನ ಸುದ್ದಿ ಮುಚ್ಚಿಟ್ಟ ನನ್ನ ಸಂಕೋಚ ಎಷ್ಟು ಜನರಿಗೆ ಕೇಡು ಮಾಡಬಹುದಿತ್ತು!

ಖಾಲಾ ಆರು ವಾರ ಎರಡು ಬಗೆಯ ಔಷಧಿ ತೆಗೆದುಕೊಂಡರು. ಎರಡನೇ ವಾರಕ್ಕೇ ಜ್ವರ ಬಿಟ್ಟಿತ್ತು. ಆದರೆ ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆಂದು ಡಾಕ್ಟರ್ ಎಚ್ಚರಿಸಿದ್ದರು. ಗರ್ಭಿಣಿಯಾಗಿದ್ದ ಸೊಸೆಯದೂ ರಕ್ತ ಪರೀಕ್ಷೆಯಾಯಿತು. ಈ ರೋಗದಿಂದ ಗರ್ಭಪಾತವೂ ಆಗಬಹುದೆಂದು ಕೇಳಿ ನಾವೆಲ್ಲ ನಡುಗಿದ್ದೆವು. ಅಲ್‌ಹಮ್ದುಲಿಲ್ಲಾಹ್, ಅವಳಿಗೆ ಏನೂ ಇರಲಿಲ್ಲ.

ಪಶುವೈದ್ಯರು ಆಡುಗಳ ರಕ್ತ ನೋಡಿದಾಗ ಎರಡರಲ್ಲಿ ರೋಗವಿತ್ತು. “ಸಂತೆಗೆ ಹೊಡೆದುಬಿಡಿ, ಯಾರಿಗೆ ಗೊತ್ತಾಗುತ್ತದೆ?” ಎಂದು ಸಂಬಂಧಿಕರೊಬ್ಬರು ಸಲಹೆ ಕೊಟ್ಟರು. ಖಾಲಾ ಸುಮ್ಮನೆ ಅವರ ಮುಖ ನೋಡಿದರು. “ನನ್ನ ಮನಿ ಜ್ವರಾನ ಇನ್ನೊಬ್ಬರ ಮನೀಗೆ ಮಾರಲೇನು?” ಎಂದರು. ಪಶುವೈದ್ಯರು ಹೇಳಿದಂತೆ ಎರಡನ್ನೂ ಹಿಂಡಿನಿಂದ ತೆಗೆಸಿದರು. ಬಡ ವಿಧವೆಗೆ ಅದು ಸಣ್ಣ ನಷ್ಟವಲ್ಲ.

ಸಹೋದರಿಯರೇ, ಆಡು, ಹಸು, ಎಮ್ಮೆ ಸಾಕುವ ಕೆಲಸದಲ್ಲಿ ಹೆಚ್ಚಿನ ಪಾಲು ನಮ್ಮದೇ. ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕುಡಿಯಿರಿ. ಶಕ್ತಿ ಬರುತ್ತದೆಂದು ಮಕ್ಕಳಿಗೆ ಹಸಿ ಹಾಲು ಕೊಡಬೇಡಿ. ಕಂದ ಹಾಕಿದ್ದನ್ನು, ಕಸವನ್ನು ಬರಿಗೈಯಿಂದ ಮುಟ್ಟದೆ ಕೈಚೀಲ ಹಾಕಿಕೊಂಡು ಆಳವಾಗಿ ಹೂಳಿರಿ. ಗರ್ಭಿಣಿಯರು ಅದರ ಹತ್ತಿರವೂ ಹೋಗಬಾರದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಸು, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆಯಿದೆ, ಹಾಕಿಸಿ.

ಜ್ವರ ಬಿಡದಿದ್ದರೆ ಡಾಕ್ಟರ್ ಕೇಳಲಿ, ಬಿಡಲಿ, ಮನೆಯ ಪ್ರಾಣಿಗಳ ಸುದ್ದಿ ಹೇಳಿರಿ. ಕಾಯಿಲೆಯವರ ಜೊತೆಗೆ ಹೋದಾಗ ಅವರ ಮಾತನ್ನು ಅವರೇ ಆಡಲಿ. ಓದಿದ ನನಗೆ ಗೊತ್ತಿರದ ಉತ್ತರ ಶಾಲೆಯ ಮೆಟ್ಟಿಲು ಹತ್ತದ ಖಾಲಾರ ಬಾಯಲ್ಲಿತ್ತು. ಮೂರು ತಿಂಗಳು ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.