ಶಿಳ್ಳೆ ಬರಲಿಲ್ಲ

ದುಬೈ ಬಿಟ್ಟು ಮಂಡ್ಯಕ್ಕೇ ಬಂದ್ಬಿಟ್ಟೆ ಅಂದರೆ ಯಾರೂ ನಂಬಲೊಲ್ಲರು! ಬಂದ ವಾರವೇ, 2025ರ ಮಾರ್ಚ್‌ನಲ್ಲಿ, ‘ಅಪ್ಪು’ ಮತ್ತೆ ತೆರೆಗೆ ಬಂತು. 2002ರಲ್ಲಿ ಗೆಳೆಯನ ಹೆಗಲೇರಿ ಟಿಕೆಟ್ ಕಿತ್ತು ನೋಡಿದ ಚಿತ್ರ. ನೋಡಿಯೇ ವಿಮಾನ ಹತ್ತಿದ್ದೆ.

ಈಗಲೂ ಪಕ್ಕದ ಸೀಟಿನಲ್ಲಿ ಅವನೇ. ತಲೆ ಮಾತ್ರ ಬೋಳು (ನನ್ನದೇನು ಕಮ್ಮಿಯಿಲ್ಲ ಬಿಡಿ). 2009ರಲ್ಲಿ ನಮ್ಮಪ್ಪ ತೀರಿಕೊಂಡಾಗ ನನ್ನ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿತ್ತು. ಚಟ್ಟಕ್ಕೆ ಹೆಗಲು ಕೊಟ್ಟವನು ಇವನು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಕಂಠೀರವ ಸ್ಟೇಡಿಯಂ ಸಾಲಿನಲ್ಲಿ ನಿಂತವನೂ ಇವನೇ. ನಾನು ಮೊಬೈಲಿನಲ್ಲಿ ನೋಡಿ, ಮುಖ ತೊಳೆದು, ನೈಟ್ ಡ್ಯೂಟಿಗೆ ಹೋದೆ.

ಪರದೆ ಮೇಲೆ ಅಪ್ಪು ಬಂದರು. ಟಾಕೀಸೇ ಎದ್ದು ಕುಣೀತು. ಬೆರಳು ಬಾಯಿಗಿಟ್ಟೆ, ಬರೀ ಗಾಳಿ.

“ನಿಂದೂ ನಾನೇ ಹೊಡೀತೀನಿ ಬಿಡ್ಲಾ” ಅಂದ.